ತೋಟದ ಕಣಕ್ಕೆ ನಾಲ್ಕು ಕ್ಯಾಮೆರಾ, ಒಂದೇ ಸಿಮ್: ವಿಡಿಯೊವನ್ನು ಮನೆಗೆ ತಲುಪಿಸುವುದು ಹೇಗೆ?

ತೋಟದಮನೆ, ಚನ್ನಗಿರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಊರಿನಿಂದ ಸುಮಾರು ಎರಡು ಕಿಲೋಮೀಟರ್ ಒಳಗಿದೆ. ಕೊಯ್ಲಿನ ಕಾಲದಲ್ಲಿ ಬೇಯಿಸಿದ ಅಡಿಕೆ ಕಣದಲ್ಲಿ ಹರಡಿರುತ್ತದೆ, ರಾತ್ರಿ ಕಾವಲಿಗೆ ಒಬ್ಬರೇ. ಈಗಿನ ಬೆಲೆಯಲ್ಲಿ ಎರಡು ಚೀಲ ಹೋದರೂ ಆ ವಾರದ ಕೂಲಿಯ ಹಣ ಹೋದಂತೆ. ಹಾಗಾಗಿ ಕಣ, ಗೇಟು, ದಾಸ್ತಾನು ಕೊಠಡಿ, ಬೋರ್‌ವೆಲ್ ಹತ್ತಿರ ಹೀಗೆ ನಾಲ್ಕು ಕ್ಯಾಮೆರಾ ಹಾಕಿಸಿದೆವು. ಎಲ್ಲವೂ ಎರಡು ಮೆಗಾಪಿಕ್ಸೆಲ್‌ನವು. ಅಲ್ಲಿಗೆ ಫೈಬರ್ ಇಲ್ಲ. ಸಿಮ್ ಹಾಕುವ 4ಜಿ ರೂಟರ್, ದಿನಕ್ಕೆ 2 ಜಿಬಿ ಡೇಟಾ.

ಅಳವಡಿಸಿದವರು ನಾಲ್ಕೂ ಕ್ಯಾಮೆರಾಗಳ ವಿಡಿಯೊ ಹಗಲೂ ರಾತ್ರಿಯೂ ಕ್ಲೌಡಿಗೆ ಹೋಗುವಂತೆ ಮಾಡಿ ಹೋಗಿದ್ದಾರೆ. ಬೆಳಗಾಗುವಷ್ಟರಲ್ಲಿ ದಿನದ ಡೇಟಾ ಖಾಲಿ. ಆಮೇಲೆ ಮೊಬೈಲಿನಲ್ಲಿ ತಿರುಗುವ ಚಕ್ರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕೇಳಿದರೆ “ಇನ್ನೊಂದು ಸಿಮ್ ಹಾಕಿಸಿ” ಎನ್ನುತ್ತಾರೆ. ವಿಡಿಯೊವನ್ನು ಇನ್ನಷ್ಟು ಕುಗ್ಗಿಸಿ ಕಳುಹಿಸಲು ದಾರಿ ಇದೆಯೇ?

ಕೇಬಲ್‌ಕೆಲಸ, ದಾವಣಗೆರೆ

ಅಕ್ಕ, ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ವಿಡಿಯೊ ಕುಗ್ಗಿಸುವ ವಿಧಾನ, ಅಂದರೆ ಕೋಡೆಕ್, ಎಚ್.264 ಇದ್ದರೆ ಎಚ್.265ಕ್ಕೆ ಬದಲಾಯಿಸಿ. ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಡೇಟಾ ಸಾಕು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇರುವುದನ್ನು 10ಕ್ಕೆ ಇಳಿಸಿ. ಅದೂ ಸಾಲದಿದ್ದರೆ ಚಿತ್ರವನ್ನು 640×360ಕ್ಕೆ ಇಳಿಸಿ. ನಾನು ಎಲ್ಲ ಕಡೆ ಮಾಡುವುದು ಇದನ್ನೇ.

ಶೇಂಗಾಮಿಲ್, ಚಳ್ಳಕೆರೆ

640×360ಕ್ಕೆ ಇಳಿಸಿದರೆ ಕ್ಯಾಮೆರಾ ಹಾಕಿಸಿ ಏನು ಫಲ? ನಮ್ಮ ಮಿಲ್ಲಿನ ಅಂಗಳದಲ್ಲಿ ಚೀಲ ಹೋದಾಗ ಹೊರಗೆ ಹೋದ ಆಸಾಮಿಯ ಎತ್ತರ ಗೊತ್ತಾಯಿತು, ಅಂಗಿಯ ಬಣ್ಣ ಗೊತ್ತಾಯಿತು, ಮುಖ ಮಾತ್ರ ಗೊತ್ತಾಗಲಿಲ್ಲ. ಠಾಣೆಯಲ್ಲಿ ಆ ವಿಡಿಯೊ ನೋಡಿ ಎಲ್ಲರೂ ತಲೆಯಾಡಿಸಿದರು, ಅಷ್ಟೇ. ಡೇಟಾ ಉಳಿಸಲು ಹೋಗಿ ಮುಖ ಕಳೆದುಕೊಳ್ಳಬೇಡಿ.

ಸಂಕೇತಪಾಠ, ದಾವಣಗೆರೆ

ಕಾಲೇಜಿನಲ್ಲಿ ನಾನು ಪಾಠ ಮಾಡುವ ವಿಷಯವೇ ಇದು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಲೆಕ್ಕ. ದಿನಕ್ಕೆ 2 ಜಿಬಿಯನ್ನು 24 ಗಂಟೆಗೆ ಹರಡಿದರೆ ಸೆಕೆಂಡಿಗೆ ಸಿಗುವುದು ಸುಮಾರು 185 ಕಿಲೋಬಿಟ್. ನಾಲ್ಕು ಕ್ಯಾಮೆರಾಗಳಿಗೆ ಹಂಚಿದರೆ ತಲಾ 46. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.265ರಲ್ಲಿ ಸಾಮಾನ್ಯವಾಗಿ ಬೇಡುವುದು 2 ಮೆಗಾಬಿಟ್, ಅಂದರೆ ಇದರ ನಲವತ್ತು ಪಟ್ಟಿಗೂ ಹೆಚ್ಚು. ಸೆಕೆಂಡಿಗೆ ಒಂದೇ ಒಂದು ಮೆಗಾಬಿಟ್ ಬಿಡುವಿಲ್ಲದೆ ಹರಿದರೂ ದಿನಕ್ಕೆ 10.8 ಜಿಬಿ ಆಗುತ್ತದೆ. ಇನ್ನೊಂದು ಸಿಮ್ ಹಾಕಿಸಿದರೂ ಈ ಅಂತರ ತುಂಬುವುದಿಲ್ಲ.

ಇನ್ನಷ್ಟು ಕುಗ್ಗಿಸಬಹುದಲ್ಲ ಎನ್ನುವವರಿಗೆ ಒಂದು ಮಾತು. 1920×1080ರ ಚಿತ್ರ, ಪಿಕ್ಸೆಲ್‌ಗೆ ಸರಾಸರಿ 12 ಬಿಟ್, ಸೆಕೆಂಡಿಗೆ 25 ಫ್ರೇಮ್. ಕುಗ್ಗಿಸದೆ ಕಳುಹಿಸಿದರೆ ಇದು 622 ಮೆಗಾಬಿಟ್. ಅದನ್ನು 2ಕ್ಕೆ ತಂದಾಗಲೇ ಮುನ್ನೂರರಲ್ಲಿ ಒಂದು ಪಾಲು ಉಳಿದಿದೆ. ಅದರ ಮೇಲೆ ಮತ್ತೆ ನಲವತ್ತು ಪಟ್ಟು ಹಿಂಡಿದರೆ ಮುಖದ ಜಾಗದಲ್ಲಿ ಬಣ್ಣದ ಚೌಕಗಳು ಉಳಿಯುತ್ತವೆ.

ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ವಿಡಿಯೊ ಹುಟ್ಟಿದ ಕಡೆಯೇ ಉಳಿಯಲಿ, ಸಿಮ್ ಮೂಲಕ ಸುದ್ದಿ ಮಾತ್ರ ಹೋಗಲಿ. ಪೂರ್ಣ ಗುಣಮಟ್ಟದ ವಿಡಿಯೊ ತೋಟದಲ್ಲೇ ಹಾರ್ಡ್ ಡಿಸ್ಕಿನಲ್ಲಿ ದಾಖಲಾಗಲಿ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ದೃಶ್ಯದ ಮೇಲೆ ಎಳೆದ ಗೆರೆಯನ್ನು ಯಾರಾದರೂ ದಾಟಿದಾಗ ಒಂದು ಫೋಟೊ, ಅದರ ಹಿಂದೆ ಇಪ್ಪತ್ತು ಸೆಕೆಂಡಿನ ತುಣುಕು ಮೊಬೈಲಿಗೆ ಬರಲಿ. 1 ಮೆಗಾಬಿಟ್‌ನ ಇಪ್ಪತ್ತು ಸೆಕೆಂಡಿಗೆ 2.5 ಎಂಬಿ. ರಾತ್ರಿಯಿಡೀ ನಲವತ್ತು ಬಾರಿ ಸೂಚನೆ ಬಂದರೂ ಸುಮಾರು 100 ಎಂಬಿ ಅಷ್ಟೇ.

ಚಳ್ಳಕೆರೆಯವರ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಇಂದಿನ ಕ್ಯಾಮೆರಾಗಳು ಒಂದೇ ಹೊತ್ತಿಗೆ ಎರಡು ಹರಿವು ಕೊಡುತ್ತವೆ. ಪೂರ್ಣ ಗುಣಮಟ್ಟದ ಮೇನ್ ಸ್ಟ್ರೀಮ್ ರೆಕಾರ್ಡರ್‌ಗೆ, ಚಿಕ್ಕದಾದ ಸಬ್ ಸ್ಟ್ರೀಮ್ ಮೊಬೈಲಿಗೆ. ಸಬ್ ಸ್ಟ್ರೀಮನ್ನು 640×360, 6 ಫ್ರೇಮ್, 128 ಕಿಲೋಬಿಟ್‌ಗೆ ಇಟ್ಟರೆ ನಾಲ್ಕೂ ಕ್ಯಾಮೆರಾಗಳನ್ನು ದಿನಕ್ಕೆ ಅರ್ಧ ಗಂಟೆ ನೋಡಲು 115 ಎಂಬಿ ಸಾಕು. ಮುಖ ಬೇಕಾದಾಗ ಘಟನೆ ನಡೆದ ಹತ್ತು ನಿಮಿಷದ ಮೇನ್ ಸ್ಟ್ರೀಮ್ ಮಾತ್ರ ತರಿಸಿಕೊಳ್ಳಿ.

ತೋಟದಮನೆ, ಚನ್ನಗಿರಿ ತಾಲ್ಲೂಕು

ಸರ್, ಈ ಲೆಕ್ಕವನ್ನು ಯಾರೂ ನಮಗೆ ಹೇಳಿರಲಿಲ್ಲ. ಆದರೆ ತೋಟದಲ್ಲೇ ರೆಕಾರ್ಡರ್ ಇಟ್ಟರೆ ಕಳ್ಳರು ಅದನ್ನೇ ಹೊತ್ತುಕೊಂಡು ಹೋಗುವುದಿಲ್ಲವೇ? ಇನ್ನೊಂದು ಸಂಶಯ. ಗೆರೆ ದಾಟಿದ ಸೂಚನೆ ಈಗಲೂ ಬರುತ್ತದೆ. ನಾಯಿ ಬಂದರೆ, ಮಂಗ ಬಂದರೆ, ಸೋಗೆ ಬಿದ್ದರೆ, ಏನೂ ಇಲ್ಲದಿದ್ದರೂ ಬರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಜೇಡ. ಈಗ ಮೊಬೈಲ್ ಸದ್ದು ಮಾಡಿದರೂ ನಮ್ಮ ಯಜಮಾನರು ಏಳುವುದಿಲ್ಲ.

ಶೇಂಗಾಮಿಲ್, ಚಳ್ಳಕೆರೆ

ಮೇಷ್ಟ್ರ ಲೆಕ್ಕ ಒಪ್ಪಿದೆ. ಆದರೆ ನಮ್ಮ ಕಡೆಯ ಗಾಳಿಯನ್ನು ಅದರಲ್ಲಿ ಸೇರಿಸಬೇಕು. ಆಷಾಢದಲ್ಲಿ ಅಂಗಳಕ್ಕೆ ಕಟ್ಟಿದ ಹಸಿರು ನೆರಳುಬಲೆ ದಿನವಿಡೀ ಹೊಡೆದುಕೊಳ್ಳುತ್ತದೆ. ಆ ತಿಂಗಳು ಹಾರ್ಡ್ ಡಿಸ್ಕ್ ಬೇಗ ತುಂಬುತ್ತದೆ, ಯಾರೂ ಬಾರದಿದ್ದರೂ. ಇದಕ್ಕೆ ಕಾರಣವೇನು?

ಸಂಕೇತಪಾಠ, ದಾವಣಗೆರೆ

ಮಿಲ್ಲಿನವರಿಗೆ ಲೆಕ್ಕದ ಪುಸ್ತಕ ಗೊತ್ತು. ಪ್ರತಿದಿನ ಇಡೀ ದಾಸ್ತಾನನ್ನು ಹೊಸದಾಗಿ ಬರೆಯುವುದಿಲ್ಲ. ಒಮ್ಮೆ ಆರಂಭದ ಶಿಲ್ಕು ಬರೆದು, ಆಮೇಲೆ ಬಂದದ್ದು ಹೋದದ್ದು ಮಾತ್ರ ಬರೆಯುತ್ತೀರಿ. ಕೋಡೆಕ್ ಮಾಡುವುದೂ ಅದನ್ನೇ. ಐ ಫ್ರೇಮ್‌ನಲ್ಲಿ ಇಡೀ ಚಿತ್ರ ಇರುತ್ತದೆ, ನಂತರದ ಪಿ ಫ್ರೇಮ್‌ಗಳಲ್ಲಿ ಬದಲಾದದ್ದು ಮಾತ್ರ. ಖಾಲಿ ಅಂಗಳದಲ್ಲಿ ಏನೂ ಬದಲಾಗದ ಕಾರಣ ಪಿ ಫ್ರೇಮ್ ಬಹಳ ಚಿಕ್ಕದು. ನೆರಳುಬಲೆ ಹೊಡೆದುಕೊಂಡರೆ ಪ್ರತಿ ಫ್ರೇಮಿಗೂ ಬದಲಾವಣೆಯೇ. ಅಡಿಕೆಯ ಸೋಗೆಗೂ ಇದೇ ಮಾತು ಅನ್ವಯಿಸುತ್ತದೆ. ನೀವು ಬಿಟ್‌ಗಳನ್ನು ಗಾಳಿಗೆ ಖರ್ಚು ಮಾಡುತ್ತಿದ್ದೀರಿ.

ಪರಿಹಾರ ಸುಲಭ. ಕ್ಯಾಮೆರಾದ ಮೆನುವಿನಲ್ಲಿ ಪ್ರೈವೆಸಿ ಮಾಸ್ಕ್ ಇರುತ್ತದೆ. ಬಲೆ, ಸೋಗೆ, ಆಕಾಶ ಇರುವ ಭಾಗಕ್ಕೆ ಅದನ್ನು ಎಳೆಯಿರಿ. ಕಪ್ಪು ಚೌಕ ಎಂದೂ ಬದಲಾಗುವುದಿಲ್ಲ, ಅದಕ್ಕೆ ಬಿಟ್ ಬೇಕಾಗುವುದೂ ಇಲ್ಲ. ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೂ ಅಷ್ಟೇ ಲಾಭ.

ಇದಕ್ಕಿಂತ ದೊಡ್ಡ ಸೋರಿಕೆ ರಾತ್ರಿಯದು. ಇದನ್ನು ಎಲ್ಲರೂ ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬೆಳಕು ಸಾಲದಾದಾಗ ಕ್ಯಾಮೆರಾ ತನ್ನ ಸಂಕೇತವನ್ನು ಹಿಗ್ಗಿಸುತ್ತದೆ. ಹಿಗ್ಗಿಸಿದಾಗ ಚಿತ್ರದ ತುಂಬ ಸಣ್ಣ ಕಾಳುಕಾಳಾದ ಗದ್ದಲ ಏಳುತ್ತದೆ. ಈ ಗದ್ದಲಕ್ಕೆ ಹಿಂದುಮುಂದಿನ ಸಂಬಂಧವಿಲ್ಲ. ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸಲು ಸಾಧ್ಯವೇ ಇಲ್ಲ. ಊಹಿಸಲಾಗದ್ದನ್ನು ಕುಗ್ಗಿಸಲಾಗದು, ಎಚ್.265 ಇರಲಿ, ಮುಂದೆ ಬರುವ ಯಾವುದೇ ಕೋಡೆಕ್ ಇರಲಿ. ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಹರಿಯುವ ಬಿಟ್‌ಗಳ ಸಂಖ್ಯೆಯನ್ನು, ವೇರಿಯಬಲ್‌ಗೆ (ಬೇಕಾದಂತೆ ಏರಿಳಿಯುವಂತೆ) ಇಟ್ಟಿದ್ದರೆ ಕತ್ತಲಾದ ಮೇಲೆ ಡೇಟಾ ಏರುತ್ತದೆ. ಸ್ಥಿರವಾಗಿ ಇಟ್ಟಿದ್ದರೆ ಬಿಟ್‌ಗಳನ್ನೆಲ್ಲ ಗದ್ದಲ ನುಂಗಿ, ಮನುಷ್ಯನ ಮುಖಕ್ಕೆ ಏನೂ ಉಳಿಯುವುದಿಲ್ಲ. ಅಂದರೆ ಕಳ್ಳ ಬರುವ ಹೊತ್ತಿಗೇ ಚಿತ್ರ ಅತ್ಯಂತ ಕೆಟ್ಟದಾಗಿರುತ್ತದೆ. ಹಗಲಿನಲ್ಲಿ ತೋರಿಸಿ ಮಾರುವವರು ಇದನ್ನು ಹೇಳುವುದೇ ಇಲ್ಲ. ಇದು ನನಗೆ ನಿಜವಾಗಿ ಸಿಟ್ಟು ತರಿಸುವ ಸಂಗತಿ.

ಕಣಕ್ಕೆ ಒಂದು ಒಳ್ಳೆಯ ಎಲ್‌ಇಡಿ ದೀಪ ಹಾಕಿಸಿ, ಕ್ಯಾಮೆರಾದಿಂದ ದೂರದಲ್ಲಿ. ಬೆಳಕು ಸಿಕ್ಕಿದರೆ ಹಿಗ್ಗಿಸುವ ಅಗತ್ಯ ಇಳಿಯುತ್ತದೆ, ಗದ್ದಲ ಇಳಿಯುತ್ತದೆ, ಬಿಟ್ ಉಳಿಯುತ್ತದೆ, ಬಣ್ಣವೂ ಕಾಣುತ್ತದೆ. ಡಿಎನ್ಆರ್ ಎಂಬ ಗದ್ದಲ ತಗ್ಗಿಸುವ ಸೆಟ್ಟಿಂಗನ್ನು ಮಧ್ಯಮದಲ್ಲಿಡಿ. ಪೂರ್ತಿ ಏರಿಸಿದರೆ ನಡೆಯುವವರ ಹಿಂದೆ ಮಸುಕಾದ ಬಾಲ ಮೂಡುತ್ತದೆ. ಬಿಟ್‌ರೇಟ್ ವೇರಿಯಬಲ್ ಇರಲಿ, ಮೇಲೊಂದು ಮಿತಿ ಇರಲಿ.

ಜೇಡದ ಮೂಲವೂ ಇಲ್ಲೇ ಇದೆ. ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪದ ಸುತ್ತ ಹುಳು ಸೇರುತ್ತವೆ, ಹುಳುವಿಗಾಗಿ ಜೇಡ ಬಲೆ ಕಟ್ಟುತ್ತದೆ, ಲೆನ್ಸಿನ ಮುಂದಿನ ಎಳೆ ಬೆಳ್ಳಗೆ ಹೊಳೆದು ದೊಡ್ಡ ಚಲನೆಯಾಗಿ ಕಾಣುತ್ತದೆ. ದೀಪ ಬೇರೆ ಕಡೆ ಇದ್ದರೆ ಒಳಗಿನ ಇನ್‌ಫ್ರಾರೆಡ್ ಆರಿಸಬಹುದು.

ಕೇಬಲ್‌ಕೆಲಸ, ದಾವಣಗೆರೆ

ಸುಳ್ಳು ಸೂಚನೆಗೆ ನಾನು ಸೇರಿಸುತ್ತೇನೆ. ಪಿಕ್ಸೆಲ್ ಬದಲಾದರೆ ಕೂಗುವ ಹಳೆಯ ಮೋಷನ್ ಡಿಟೆಕ್ಷನ್ ನಿಲ್ಲಿಸಿ. ಮನುಷ್ಯ ಅಥವಾ ವಾಹನ ಎಂದು ಗುರುತಿಸುವ ಸೌಲಭ್ಯ ಈಗಿನ ಹೆಚ್ಚಿನ ಕ್ಯಾಮೆರಾಗಳ ಚಿಪ್ಪಿನಲ್ಲೇ ಇದೆ, ಅದನ್ನು ಆರಿಸಿಕೊಳ್ಳಿ. ನಾಯಿ ಮಂಗಗಳ ಕಾಟ ಬಹುಪಾಲು ನಿಲ್ಲುತ್ತದೆ. ಕೆಲಸದವರು ಇರುವ ಹೊತ್ತಿನಲ್ಲಿ ಸೂಚನೆ ಬೇಡ, ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಸಾಕು.

ಫ್ರೇಮ್ ಕಡಿಮೆ ಮಾಡಿದರೆ ಬೈಕಿನ ನಂಬರ್ ಮಸುಕಾಗುತ್ತದೆ ಎಂದು ಗ್ರಾಹಕರು ಹೆದರುತ್ತಾರೆ. ಮೇಷ್ಟ್ರೇ, ಅದು ನಿಜವೇ?

ಸಂಕೇತಪಾಠ, ದಾವಣಗೆರೆ

ಅಲ್ಲ. ಮಸುಕು ಬರುವುದು ಶಟರ್ ವೇಗದಿಂದ, ಫ್ರೇಮ್ ಸಂಖ್ಯೆಯಿಂದಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ 8.3 ಮೀಟರ್ ಸಾಗುತ್ತದೆ. ರಾತ್ರಿ ಶಟರ್ 1/25 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಬೈಕು 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆ ಚಿತ್ರದಲ್ಲಿ ಯಾವ ಅಂಕಿಯನ್ನೂ ಓದಲಾಗದು. 1/500ಕ್ಕೆ ಇಟ್ಟರೆ ಚಲನೆ 2 ಸೆಂಟಿಮೀಟರಿಗಿಂತ ಕಡಿಮೆ. ಅದಕ್ಕೂ ಬೆಳಕು ಬೇಕು, ಮತ್ತೆ ದೀಪಕ್ಕೇ ಬಂದೆವು. ಆರು ಮೀಟರ್ ಅಗಲದ ನೋಟವಿದ್ದರೆ ಸೆಕೆಂಡಿಗೆ 8 ಫ್ರೇಮಿನಲ್ಲೂ ಅದೇ ಬೈಕು ಐದಾರು ಬಾರಿ ಸೆರೆಯಾಗುತ್ತದೆ. ಇಪ್ಪತ್ತೈದು ಮಸುಕು ಚಿತ್ರಗಳಿಗಿಂತ ಐದು ಸ್ಪಷ್ಟ ಚಿತ್ರ ಮೇಲು.

ಮುಖದ ವಿಷಯವೂ ಹೀಗೆಯೇ. ಕ್ಯಾಮೆರಾ ಅಳವಡಿಕೆಯ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಅಪರಿಚಿತನನ್ನು ಗುರುತು ಹಿಡಿಯಲು ದೃಶ್ಯದ ಪ್ರತಿ ಮೀಟರಿಗೆ 250 ಪಿಕ್ಸೆಲ್ ಬೇಕು. ಪರಿಚಿತನೇ ಎಂದು ತಿಳಿಯಲು 125. ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು. 1920 ಪಿಕ್ಸೆಲ್ ಅಗಲದ ಕ್ಯಾಮೆರಾ 7.7 ಮೀಟರಿಗಿಂತ ಅಗಲ ನೋಡುತ್ತಿದ್ದರೆ ಅಪರಿಚಿತನ ಗುರುತು ಸಿಗುವುದು ಕಷ್ಟ. ಇಡೀ ಅಂಗಳ ಕಾಣಲಿ ಎಂದು ಮೂಲೆಯಲ್ಲಿ ಎತ್ತರಕ್ಕೆ ಕ್ಯಾಮೆರಾ ಹಾಕಿದ್ದರೆ ಚಳ್ಳಕೆರೆಯವರ ಕಳ್ಳನ ಮುಖ 4 ಮೆಗಾಬಿಟ್‌ನಲ್ಲೂ ಸಿಗುತ್ತಿರಲಿಲ್ಲ. ಕಣದ ಕ್ಯಾಮೆರಾ ಅಗಲವಾಗಿ ನೋಡಲಿ, ಗೇಟಿನದು ಗೇಟನ್ನಷ್ಟೇ ನೋಡಲಿ, ಎದೆಮಟ್ಟಕ್ಕಿಂತ ತುಸು ಮೇಲಿಂದ.

ಕಡೆಬೆಂಚು, ದಾವಣಗೆರೆ

ಸರ್, ನಿಮ್ಮ ಪಾಠ ಕೇಳಿದವನೇ. 2018ರಲ್ಲಿ ಬಂದ ಎವಿ1 ಅಥವಾ 2020ರ ಎಚ್.266 ಕೋಡೆಕ್ ಬಳಸಿದರೆ ಇನ್ನಷ್ಟು ಉಳಿತಾಯ ಆಗುವುದಿಲ್ಲವೇ?

ಸಂಕೇತಪಾಠ, ದಾವಣಗೆರೆ

ಆಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಚಿಪ್ 2003ರ ಎಚ್.264 ಮತ್ತು 2013ರ ಎಚ್.265 ಇವೆರಡನ್ನೇ ಬಲ್ಲದು. ನೀನು ಯೋಚಿಸಬೇಕಾದದ್ದು ಐ ಫ್ರೇಮ್‌ಗಳ ಅಂತರದ ಬಗ್ಗೆ. ಸ್ಥಿರ ದೃಶ್ಯದಲ್ಲಿ ಬಿಟ್‌ಗಳ ದೊಡ್ಡ ಪಾಲು ಐ ಫ್ರೇಮಿಗೇ ಹೋಗುತ್ತದೆ. ಎರಡು ಸೆಕೆಂಡಿಗೊಂದರ ಬದಲು ಎಂಟು ಸೆಕೆಂಡಿಗೊಂದು ಕಳುಹಿಸಿದರೆ ಉಳಿತಾಯ ದೊಡ್ಡದು. ಕಂಪನಿಗಳು ಸ್ಮಾರ್ಟ್ ಕೋಡೆಕ್ ಎಂದು ಮಾರುವುದರಲ್ಲಿ ಇದೇ ಮುಖ್ಯ ತಂತ್ರ. ಕಷ್ಟವೂ ಇದೆ. ದಾರಿಯಲ್ಲಿ ಡೇಟಾದ ಒಂದು ತುಂಡು (ಪ್ಯಾಕೆಟ್) ಕಳೆದರೆ ಮುಂದಿನ ಐ ಫ್ರೇಮ್ ಬರುವವರೆಗೆ ಚಿತ್ರ ಬೂದು ಬೂದಾಗಿ ಹರಡಿಕೊಂಡಿರುತ್ತದೆ. ರೆಕಾರ್ಡರ್‌ಗೆ ಹೋಗುವ ಹರಿವಿಗೆ ಅಂತರ ಉದ್ದವಿರಲಿ, ಸಿಮ್ ಮೂಲಕ ಹೋಗುವ ಸಬ್ ಸ್ಟ್ರೀಮಿಗೆ ಎರಡರಿಂದ ನಾಲ್ಕು ಸೆಕೆಂಡ್ ಇರಲಿ. ಸಾಗಣೆ ಯುಡಿಪಿ ಬದಲು, ಕಳೆದ ಪ್ಯಾಕೆಟನ್ನು ಮತ್ತೆ ಕಳುಹಿಸುವ ಟಿಸಿಪಿ ವಿಧಾನದಲ್ಲಿರಲಿ. ಒಂದೆರಡು ಸೆಕೆಂಡ್ ತಡವಾದರೂ ಚಿತ್ರ ಇಡಿಯಾಗಿ ಬರುತ್ತದೆ.

ಜೋಗಿಮಟ್ಟಿ, ಚಿತ್ರದುರ್ಗ

ಅಕ್ಕ, ನೀವು ಕೇಳಿದ ರೆಕಾರ್ಡರ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನ್ನ ಕೆಲಸ ವೈರ್‌ಲೆಸ್ ಲಿಂಕ್ ಹಾಕುವುದು. ಮನೆಗೂ ತೋಟಕ್ಕೂ ಎರಡೇ ಕಿಲೋಮೀಟರ್ ಎಂದಿರಿ. ಊರಿನ ಮನೆಗೆ ಫೈಬರ್ ಬಂದಿದೆಯೇ? ಬಂದಿದ್ದರೆ ಸಿಮ್ಮನ್ನೇ ನಂಬಬೇಕಿಲ್ಲ. 5 ಗಿಗಾಹರ್ಟ್ಸ್‌ನ ಪಾಯಿಂಟ್ ಟು ಪಾಯಿಂಟ್ ರೇಡಿಯೊ (ಎರಡು ಜಾಗಗಳನ್ನು ನೇರವಾಗಿ ಬೆಸೆಯುವ ಸಾಧನ) ಒಂದು ಜೋಡಿ ಸಾಕು, ನಾಲ್ಕು ಕ್ಯಾಮೆರಾಗಳ ಪೂರ್ಣ ವಿಡಿಯೊ ಮನೆಯಲ್ಲಿರುವ ರೆಕಾರ್ಡರ್‌ಗೆ ಹರಿಯುತ್ತದೆ. ಭಾರತದಲ್ಲಿ ಈ ತರಂಗಗಳ ಬಹುಪಾಲನ್ನು 2018ರಲ್ಲಿ ಲೈಸೆನ್ಸ್‌ನಿಂದ ಮುಕ್ತಗೊಳಿಸಿದ್ದಾರೆ. ಡೇಟಾ ಮಿತಿ ಇಲ್ಲ, ತಿಂಗಳ ಖರ್ಚಿಲ್ಲ.

ಒಂದೇ ಶರತ್ತು: ಎರಡು ತುದಿಗಳು ಪರಸ್ಪರ ಕಾಣಬೇಕು. ಅಡಿಕೆ ಮರದ ಹಸಿ ಸೋಗೆ ಈ ತರಂಗಗಳನ್ನು ಹೀರಿಬಿಡುತ್ತದೆ. ಮರಗಳ ತಲೆಗಿಂತ ಎತ್ತರದ ಕಂಬ ಬೇಕು, ಅದನ್ನು ಮೂರು ಕಡೆ ತಂತಿ ಎಳೆದು ಬಿಗಿಯಬೇಕು.

ಕಂಬ ಸಾಧ್ಯವಾಗದಿದ್ದರೆ ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಹಾಕಿಸಿ, ರೆಕಾರ್ಡರನ್ನು ಕಣ್ಣಿಗೆ ಬೀಳದ ಕಡೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಗೋಡೆಗೆ ಬಿಗಿಸಿ. ಅದನ್ನು ಹೊತ್ತೊಯ್ದರೂ ಕಾರ್ಡಿನಲ್ಲಿ ಉಳಿದಿರುತ್ತದೆ.

ಸಿಮ್ ಬಗ್ಗೆಯೂ ಒಂದು ಮಾತು. ನಿಮಗೆ ಬೇಕಾದದ್ದು ಅಪ್‌ಲೋಡ್. 2300 ಮೆಗಾಹರ್ಟ್ಸ್‌ನ ಬ್ಯಾಂಡ್ 40ರಲ್ಲಿ ಒಂದೇ ತರಂಗವನ್ನು ಹೊತ್ತಿಗೊಂದರಂತೆ ಹಂಚಿಕೊಳ್ಳುತ್ತಾರೆ, ಅದರ ದೊಡ್ಡ ಪಾಲು ಡೌನ್‌ಲೋಡಿಗೆ. ನಿಮ್ಮ ಟವರಿನಲ್ಲಿ 1800 ಅಥವಾ 850 ಮೆಗಾಹರ್ಟ್ಸ್ ಬ್ಯಾಂಡ್ ಇದ್ದರೆ ರೂಟರನ್ನು ಅದಕ್ಕೇ ಕಟ್ಟಿಹಾಕಿ ನೋಡಿ. ಅವುಗಳಲ್ಲಿ ಅಪ್‌ಲೋಡಿಗೆ ಪ್ರತ್ಯೇಕ ದಾರಿ ಇದೆ.

ವಕಾಲತ್ತು, ಹರಿಹರ

ತಾಂತ್ರಿಕ ಚರ್ಚೆಯ ನಡುವೆ ನ್ಯಾಯಾಲಯದ ಮಾತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತದಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಒಂದೇ ಬಿಟ್ ಬದಲಾದರೂ ಹ್ಯಾಶ್ ಬದಲಾಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳುಹಿಸಿದರೆ ಅದು ಮತ್ತೊಮ್ಮೆ ಕುಗ್ಗುತ್ತದೆ, ಅಂದರೆ ಅದು ಬೇರೆಯೇ ಕಡತ. ಎಚ್ಚರಿಸಲು ಅದು ಸಾಕು. ಸಾಕ್ಷ್ಯಕ್ಕೆ ರೆಕಾರ್ಡರ್‌ನಿಂದ ನೇರವಾಗಿ ಪೆನ್‌ಡ್ರೈವಿಗೆ ತೆಗೆದ ಮೂಲ ಕಡತವೇ ಬೇಕು, ತೆಗೆದ ಕೂಡಲೇ ಎಸ್‌ಎಚ್‌ಎ-256 ವಿಧಾನದ ಹ್ಯಾಶ್ ಬರೆದಿಟ್ಟುಕೊಳ್ಳಿ. ಸಂಕೇತಪಾಠದವರು ಹೇಳಿದಂತೆ ಪೂರ್ಣ ಗುಣಮಟ್ಟದ ಪ್ರತಿಯನ್ನು ಸ್ಥಳದಲ್ಲೇ ಇಡುವುದು ಈ ಕಾರಣಕ್ಕೂ ಸರಿ.

ಗಡಿಯಾರ ನೋಡಿಕೊಳ್ಳಿ. ಕೆಲವು ಕ್ಯಾಮೆರಾಗಳು ಬೀಜಿಂಗ್ ಸಮಯದೊಂದಿಗೆ ಬರುತ್ತವೆ, ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹನ್ನೊಂದರ ಘಟನೆ ಮರುದಿನದ ಒಂದೂವರೆಯದಾಗಿ ದಾಖಲಾದರೆ ಎದುರು ವಕೀಲರು ಬಿಡುತ್ತಾರೆಯೇ?

ಅಡಿಕೆ ಸುಲಿಯುವವಳು, ಹೊಳಲ್ಕೆರೆ

ಎಲ್ಲರೂ ಮಾಲೀಕರ ಕಡೆಯಿಂದ ಬರೆದಿದ್ದೀರಿ. ನಾವು ಹೆಂಗಸರು ಅದೇ ಕಣದ ಪಕ್ಕ ದಿನವಿಡೀ ಕುಳಿತು ಅಡಿಕೆ ಸುಲಿಯುತ್ತೇವೆ. ಮಕ್ಕಳಿಗೆ ಹಾಲುಣಿಸುತ್ತೇವೆ, ಊಟ ಮಾಡುತ್ತೇವೆ. ಆ ವಿಡಿಯೊ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ, ಯಾರ ಯಾರ ಮೊಬೈಲಿನಲ್ಲೋ ಇರುತ್ತದೆ ಎಂದರೆ ನಮಗೆ ಸಂಕಟವಾಗುತ್ತದೆ. ಕಪ್ಪು ಚೌಕ ಹಾಕಬಹುದು ಎಂದು ಮೇಲೆ ಓದಿದೆ. ಅದನ್ನು ನಾವು ಕೂರುವ ಜಾಗಕ್ಕೂ ಹಾಕಬಹುದಲ್ಲವೇ? ಅದರಿಂದಲೂ ಡೇಟಾ ಉಳಿಯುತ್ತದೆ.

ತೋಟದಮನೆ, ಚನ್ನಗಿರಿ ತಾಲ್ಲೂಕು

ತಂಗಿ, ಖಂಡಿತ ಹಾಕಿಸುತ್ತೇನೆ. ಸುಲಿಯುವ ಚಪ್ಪರ ಕಣದ ಎಡಮೂಲೆಯಲ್ಲಿದೆ, ಅಲ್ಲಿ ಕಾಯಬೇಕಾದ ಮಾಲೂ ಇಲ್ಲ. ನಿಮ್ಮ ಮಾತನ್ನು ನಮ್ಮಲ್ಲಿಗೆ ಬರುವವರಿಗೂ ಹೇಳಿ ಅವರ ಎದುರಿನಲ್ಲೇ ಮಾಡಿಸುತ್ತೇನೆ. ಕ್ಲೌಡಿಗೆ ಕಳುಹಿಸುವುದನ್ನು ಇಂದೇ ನಿಲ್ಲಿಸಿದೆ.

ಕೇಬಲ್‌ಕೆಲಸ, ದಾವಣಗೆರೆ

ಅಕ್ಕ, ಹಾಗೆಯೇ ಪಾಸ್‌ವರ್ಡ್ ಕೂಡ ಬದಲಾಯಿಸಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಉಳಿದಿದ್ದ ಕ್ಯಾಮೆರಾ, ರೆಕಾರ್ಡರ್‌ಗಳನ್ನೇ ಹಿಡಿದು 2016ರಲ್ಲಿ ಮಿರಾಯ್ ಎಂಬ ದಾಳಿ ನಡೆದಿತ್ತು. ಮೊಬೈಲ್ ಸಿಮ್‌ಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಇಂಟರ್ನೆಟ್ ವಿಳಾಸ ಇರುವುದಿಲ್ಲ, ಆದ್ದರಿಂದ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಕ್ಯಾಮೆರಾಗೆ ಬರಲು ರೂಟರಿನಲ್ಲಿ ದಾರಿ ತೆರೆಯುವುದು) ಮಾಡಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಶೇಂಗಾಮಿಲ್, ಚಳ್ಳಕೆರೆ

ನಾನು ಗೇಟಿಗೆ ಬೇರೆ ಕ್ಯಾಮೆರಾ ಹಾಕಿಸಿ ಬಲೆಯ ಭಾಗಕ್ಕೆ ಕಪ್ಪು ಚೌಕ ಎಳೆಸುತ್ತೇನೆ. ಮೇಷ್ಟ್ರೇ, ಒಂದು ತಿಂಗಳ ವಿಡಿಯೊ ಇಡಲು ಎಷ್ಟು ದೊಡ್ಡ ಡಿಸ್ಕ್ ಬೇಕು?

ಸಂಕೇತಪಾಠ, ದಾವಣಗೆರೆ

ಕ್ಯಾಮೆರಾಗೆ ಸರಾಸರಿ 1 ಮೆಗಾಬಿಟ್ ಎಂದರೆ 30 ದಿನಕ್ಕೆ 324 ಜಿಬಿ. ನಾಲ್ಕಕ್ಕೆ 1.3 ಟಿಬಿ, 2 ಟಿಬಿ ಡಿಸ್ಕ್ ಸಾಕು. ಸರಾಸರಿ 2 ಮೆಗಾಬಿಟ್ ಆದರೆ 4 ಟಿಬಿ ತೆಗೆದುಕೊಳ್ಳಿ.

ಚನ್ನಗಿರಿಯವರಿಗೆ ಇನ್ನೊಂದು ಮುಖ್ಯ ವಿಷಯ. ದಿನದ ಮಿತಿ ಮುಗಿದ ಮೇಲೆ ಅನೇಕ ಪ್ಲಾನ್‌ಗಳಲ್ಲಿ ಸಂಪರ್ಕ ಪೂರ್ತಿ ಕಡಿಯುವುದಿಲ್ಲ, ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ವಿಡಿಯೊ ಅಸಾಧ್ಯ. ಆದರೆ 640×360ರ ಒಂದು ಫೋಟೊ ಸುಮಾರು 50 ಕೆಬಿ, ಆರೇಳು ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಸೂಚನೆಯಲ್ಲಿ ಫೋಟೊ ಮೊದಲು, ತುಣುಕು ಆಮೇಲೆ ಎಂದು ಸೆಟ್ಟಿಂಗ್ ಮಾಡಿಸಿ. ಎಂಥ ಕೆಟ್ಟ ರಾತ್ರಿಯಲ್ಲೂ ಗೇಟಿನಲ್ಲಿ ನಿಂತವರು ಯಾರು ಎಂಬುದು ನಿಮಗೆ ತಿಳಿಯಬೇಕು.

ತೋಟದಮನೆ, ಚನ್ನಗಿರಿ ತಾಲ್ಲೂಕು

ಎಲ್ಲರಿಗೂ ಧನ್ಯವಾದ. ಊರಿನ ಮನೆಯಲ್ಲಿ ಫೈಬರ್ ಇದೆ, ಮಹಡಿಯ ಮೇಲಿಂದ ತೋಟದ ನೀರಿನ ಟ್ಯಾಂಕ್ ಕಾಣುತ್ತದೆ. ಜೋಗಿಮಟ್ಟಿಯವರೇ, ಆ ಟ್ಯಾಂಕಿನ ಮೇಲೆ ಕಂಬ ನಿಲ್ಲಿಸಬಹುದೇ?

ಜೋಗಿಮಟ್ಟಿ, ಚಿತ್ರದುರ್ಗ

ಟ್ಯಾಂಕ್ ಕಾಣುತ್ತದೆ ಎಂದರೆ ಅರ್ಧ ಕೆಲಸ ಆಯಿತು. ಅದರ ಪಿಲ್ಲರಿಗೆ ಹತ್ತಡಿ ಪೈಪ್ ಬಿಗಿದರೆ ಸಾಕಾಗಬಹುದು, ತಂತಿ ಎಳೆಯುವುದೂ ಬೇಡ. ಮಹಡಿಯಿಂದ ಟ್ಯಾಂಕಿನ ಕಡೆಗೆ ಒಂದು ಫೋಟೊ, ಟ್ಯಾಂಕಿನ ಮೇಲಿಂದ ಮನೆಯ ಕಡೆಗೆ ಒಂದು ಫೋಟೊ ತೆಗೆದು ಇಲ್ಲಿ ಹಾಕಿ. ನಡುವೆ ಬೆಳೆಯುತ್ತಿರುವ ತೆಂಗು ಅಥವಾ ಸಿಲ್ವರ್ ಓಕ್ ಇದ್ದರೆ ಈಗಲೇ ತಿಳಿಸಿ, ಎರಡು ವರ್ಷದ ನಂತರ ಅಡ್ಡ ಬರುತ್ತವೆ. ಈ ಆಷಾಢದ ಗಾಳಿ ಇಳಿಯಲಿ, ಕೊಯ್ಲು ಶುರುವಾಗುವ ಮೊದಲು ಬಂದು ನಿಲ್ಲಿಸಿಕೊಡುತ್ತೇನೆ.